ಸಂವಾದದ ಹೊತ್ತಿಗೆ ಮೈಕ್ ಕುಂಯ್ ಅನ್ನುವುದಕ್ಕೆ

ಉಪನ್ಯಾಸದಲ್ಲಿ ಸರಿಯಿದ್ದ ಮೈಕ್ ಐದು ಜನರ ಸಂವಾದದಲ್ಲಿ ಕೂಗಿತು ಅಂದಿರಲ್ಲ, ಹೆಚ್ಚಾಗಿ ತಪ್ಪು ಮೈಕ್‌ನದ್ದಲ್ಲ. ಸ್ಪೀಕರ್‌ನ ಸದ್ದು ಮತ್ತೆ ಮೈಕ್‌ಗೆ ಹೊಕ್ಕು ಸುತ್ತುವುದೇ ಈ ಕೂಗು. ಐದೂ ಒಟ್ಟಿಗೆ ತೆರೆದಿದ್ದವು, ಅಲ್ವಾ? ತೆರೆದ ಮೈಕ್‌ಗಳು ಎರಡರಷ್ಟಾದಾಗೆಲ್ಲ, ಕೂಗು ಬಾರದಂತೆ ಏರಿಸಬಹುದಾದ ಸದ್ದು ಸುಮಾರು 3 ಡೆಸಿಬಲ್ ಇಳಿಯುತ್ತದೆ.

ಮೊದಲು ಸ್ಪೀಕರ್‌ಗಳನ್ನು ಮೈಕ್‌ಗಳಿಗಿಂತ ಮುಂದೆ, ಸಭಿಕರ ಕಡೆ ಮುಖ ಮಾಡಿ ಇಡಿಸಿ. ಆಮೇಲೆ ಮಿಕ್ಸರ್ (ಎಲ್ಲ ಮೈಕ್‌ಗಳ ಸದ್ದನ್ನು ಏರಿಸಿ ಇಳಿಸುವ ಪೆಟ್ಟಿಗೆ) ಹತ್ತಿರ ಒಬ್ಬರನ್ನು ಕೂರಿಸಿ. ಮಾತಾಡುವವರ ಮೈಕ್‌ನ ಸದ್ದು ಮಾತ್ರ ಮೇಲೆ, ಉಳಿದವುಗಳದ್ದು ಕೆಳಗೆ. ಬಾಯಿಗೂ ಮೈಕ್‌ಗೂ ಒಂದು ಗೇಣಿಗಿಂತ ಜಾಸ್ತಿ ದೂರ ಬೇಡ. ಸಭಿಕರ ಪ್ರಶ್ನೆಗಳಿಗೆ ಎರಡು ವೈರ್‌ಲೆಸ್ ಮೈಕ್ ಸಾಕು. ಅವನ್ನು ಸ್ವಯಂಸೇವಕರೇ ಹಿಡಿದಿರಲಿ, ಕೈಗೆ ಕೊಟ್ಟರೆ ಪ್ರಶ್ನೆ ಭಾಷಣವಾಗುತ್ತದೆ!

ಸಂಜೆ ಸುಗಮ ಸಂಗೀತವೂ ಇದ್ದರೆ ಅದರ ಲೆಕ್ಕವೇ ಬೇರೆ. ಗಾಯಕರಿಗೆ ತಲಾ ಒಂದು, ತಬಲಾ ಜೋಡಿಗೆ ಎರಡು, ಹಾರ್ಮೋನಿಯಂಗೆ ಒಂದು ಮೈಕ್. ಕೀಬೋರ್ಡ್‌ಗೆ ಮೈಕ್ ಬೇಡ, ಡಿಐ ಬಾಕ್ಸ್ (ವಾದ್ಯದ ವೈರನ್ನು ಮಿಕ್ಸರ್‌ಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಮೂಲಕ ನೇರ ಮಿಕ್ಸರ್‌ಗೆ ಕೊಡಿ. ಗಾಯಕರಿಗೆ ತಮ್ಮ ದನಿ ಕೇಳಿಸಲು ಮಾನಿಟರ್, ಅಂದರೆ ಅವರ ಕಡೆ ಮುಖ ಮಾಡಿದ ಸ್ಪೀಕರ್ ಬೇಕು. ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ಆದರೆ ಅದರ ಬೆನ್ನಿನ ಕಡೆ ಮಾನಿಟರ್ ಇರಲಿ, ಆ ಕಡೆಯ ಸದ್ದನ್ನು ಅದು ಕಡಿಮೆ ಹಿಡಿಯುತ್ತದೆ.

ಬಾಡಿಗೆಗೆ ತರುವಾಗ ಮಿಕ್ಸರ್‌ನಲ್ಲಿ ಮೈಕ್ ಚುಚ್ಚುವ ಜಾಗ ಎಷ್ಟಿದೆ ಎಂದು ಎಣಿಸಿ. ‘12 ಚಾನೆಲ್’ ಅಂತ ಬರೆದಿದ್ದರೂ ಮೈಕ್‌ಗೆ ಆರೇ ಇರಬಹುದು.

ನಿಮ್ಮ ಹಾಲ್‌ನಲ್ಲಿ ಬರೀ ಸಿಮೆಂಟ್ ಗೋಡೆ, ತಗಡಿನ ಚಾವಣಿ ಇದ್ದರೆ ಇಷ್ಟು ಮಾಡಿದ ಮೇಲೂ ಸ್ವಲ್ಪ ಕೂಗು ಉಳಿಯಬಹುದು. ಹಿಂದಿನ ಸಂಜೆಯೇ ಐದೂ ಮೈಕ್ ತೆರೆದು ನೋಡಿ, ಕೂಗುವ ಸ್ವರವನ್ನು ಈಕ್ವಲೈಜರ್‌ನಲ್ಲಿ (ಒಂದೊಂದು ಸ್ವರದ ಮಟ್ಟವನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) ತಗ್ಗಿಸಿ.