ತೀರ್ಪು ಬಿಡಿ, ಹಾಡಿನೊಳಗೆ ಹೋಗಿ

ಡೊಂಬಿವಲಿಯ ಯುವ ಲೇಖಕರಿಗೆ ನಮಸ್ಕಾರ.

ನಿಮ್ಮ ಲೇಖನ ತಲುಪಿತು. ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಗೆಳೆಯರು ಕೂತು, ಲಂಡನ್ನಿನ ಪಂಕ್ ರಾಕ್ ತಂಡ 'ದಿ ಕ್ಲ್ಯಾಶ್'ನ ಆಲ್ಬಮ್‌ಗಳಲ್ಲಿ ಸಲ್ಲಬೇಕಾದ ಮನ್ನಣೆ ಸಿಗದೆ ಹೋದದ್ದು ಯಾವುದು ಎಂದು ವಾದಕ್ಕಿಳಿಯುವ ಬರಹ. ಮುಂಬಯಿಯ ಕನ್ನಡ ಪತ್ರಿಕೆಗೆ ಇಂಥ ವಿಷಯ ಬರುವುದೇ ಅಪರೂಪ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಮುಚ್ಚುಮರೆಯಿಲ್ಲದೆ ಕಾರಣ ಹೇಳುತ್ತೇನೆ. ನೀವು ಇದನ್ನು ಮತ್ತೆ ಬರೆಯಬೇಕೆಂಬ ಆಸೆ ನನಗಿದೆ.

ನಿಮ್ಮ ಗೆಳೆಯರು 'ಮೇರುಕೃತಿ', 'ಅದ್ಭುತ', 'ಕಾಲಕ್ಕಿಂತ ಮುಂದಿತ್ತು' ಎನ್ನುತ್ತಾರೆ. ನೀವು ಪಕ್ಕದಲ್ಲಿ ಕೂತು ಯಾರ ಕಡೆಗೆ ಎಷ್ಟು ಮತ ಎಂದು ಲೆಕ್ಕ ಬರೆಯುತ್ತೀರಿ. ಆಲ್ಬಮ್ ಹೆಸರು ತೆಗೆದು ಬೇರೆ ಯಾವ ಹೆಸರು ಹಾಕಿದರೂ ಆ ವಾಕ್ಯಗಳು ಹಾಗೆಯೇ ನಿಲ್ಲುತ್ತವೆ. ನಮ್ಮೂರಿನಿಂದ ಮೇಳ ಬಂದು ಇಲ್ಲಿ ಆಟವಾಡಿದ ಮರುದಿನ ಯಕ್ಷಗಾನದ ಹುಚ್ಚಿನವರು ಹೇಗೆ ಜಗಳವಾಡುತ್ತಾರೆ, ನೆನಪಿಸಿಕೊಳ್ಳಿ. ಯಾವ ಪದ್ಯದಲ್ಲಿ ಭಾಗವತರು ರಾಗ ಬದಲಿಸಿದರು, ಎಲ್ಲಿ ಚೆಂಡೆಯ ಪೆಟ್ಟು ತಡವಾಯಿತು ಎಂಬುದರ ಮೇಲೆಯೇ ಅವರ ವಾದವೆಲ್ಲ. ಪಂಕ್ ಅಭಿಮಾನಿಗಳೂ ಅಷ್ಟೇ ನಿಷ್ಠೆಯಿಂದ ಕೇಳುವವರು. ಆ ಕಿವಿ ನಿಮ್ಮ ಲೇಖನದಲ್ಲಿಲ್ಲ.

ಇನ್ನು ಸಂಗತಿಗಳು. 1980ರ ಡಿಸೆಂಬರಿನಲ್ಲಿ ಬಂದ 'ಸ್ಯಾಂಡಿನಿಸ್ಟಾ!' ಆಲ್ಬಮನ್ನು ವಿಮರ್ಶಕರೆಲ್ಲರೂ ತಿರಸ್ಕರಿಸಿದರು ಎಂದು ಮೊದಲ ಗೆಳೆಯ ಹೇಳುತ್ತಾನೆ, ನೀವು ಹೌದೆನ್ನುತ್ತೀರಿ. ನ್ಯೂಯಾರ್ಕಿನ 'ವಿಲೇಜ್ ವಾಯ್ಸ್' ಪತ್ರಿಕೆ ಅಮೆರಿಕದ ವಿಮರ್ಶಕರ ಮತ ಪಡೆದು ಮಾಡುತ್ತಿದ್ದ ವಾರ್ಷಿಕ ಪಟ್ಟಿಯಲ್ಲಿ 1981ರ ಮೊದಲ ಸ್ಥಾನ ಅದಕ್ಕೇ ಸಿಕ್ಕಿತ್ತು. ಹಾಗಾದರೆ ಕಡೆಗಣಿಸಿದವರು ಯಾರು? ಮೂರು ರೆಕಾರ್ಡ್, ಆರು ಬದಿ, 36 ಹಾಡು. ಆರನೆಯ ಬದಿಯವರೆಗೆ ಹೋಗದ ಕೇಳುಗರೇ ಇರಬೇಕು. ವಾದ ಅಲ್ಲಿಂದ ಶುರುವಾಗಲಿ. ಕಂಪನಿಯ ಔದಾರ್ಯದಿಂದ ಅದು ಅಗ್ಗಕ್ಕೆ ಸಿಕ್ಕಿತು ಎಂಬ ಮಾತನ್ನೂ ತೆಗೆಯಿರಿ. ಬೆಲೆ ಇಳಿಸಲು ಬ್ರಿಟನ್ನಿನಲ್ಲಿ ಮಾರಾಟವಾಗುವ ಮೊದಲ ಎರಡು ಲಕ್ಷ ಪ್ರತಿಗಳ ರಾಯಲ್ಟಿಯನ್ನು ಬಿಟ್ಟುಕೊಟ್ಟವರು ತಂಡದವರು. ಜೇಬಿನಿಂದ ಹಣ ಹೋದದ್ದು ಜೋ ಸ್ಟ್ರಮ್ಮರ್, ಮಿಕ್ ಜೋನ್ಸ್ ಮತ್ತು ಅವರ ಜೊತೆಗಾರರದ್ದು.

ಆ ಆಲ್ಬಮಿನ ಮೊದಲ ಹಾಡನ್ನು ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ನಿಂತು ಕೇಳಿದ್ದಾಗಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನಗೆ ಬೇಕಾದದ್ದೇ ಅದು. ನ್ಯೂಯಾರ್ಕಿನಲ್ಲಿ ಆಗಷ್ಟೇ ಕೇಳತೊಡಗಿದ್ದ ರ‍್ಯಾಪ್‌ಗೆ ಮರುಳಾಗಿ ಕಟ್ಟಿದ ಹಾಡು ಅದು. ಬೇಸ್ ಗಿಟಾರ್ ಒಂದೇ ಸುತ್ತನ್ನು ಬಿಡದೆ ನುಡಿಸುತ್ತಿರುತ್ತದೆ. ಏಳು ಗಂಟೆಗೆ ಎದ್ದು ಕೆಲಸಕ್ಕೆ ಓಡುವವನ ದಿನಚರಿಯನ್ನು ಸ್ಟ್ರಮ್ಮರ್ ಅದರ ಮೇಲೆ ಹಾಡದೆ ಪಟಪಟನೆ ಆಡುತ್ತಾನೆ. ರೈಲು ಥಾಣೆ ನಿಲ್ದಾಣ ದಾಟುವಾಗ ನೂಕುನುಗ್ಗಲಿನಲ್ಲಿ ಅದು ನಿಮಗೆ ಹೇಗೆ ಕೇಳಿಸಿತು? ಒಂದು ಪುಟ ಅದಕ್ಕೇ ಕೊಡಿ.

ಎರಡನೆಯ ಗೆಳೆಯನ ಆಯ್ಕೆ 1982ರ 'ಕಾಂಬ್ಯಾಟ್ ರಾಕ್'. ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದ ಆಲ್ಬಮನ್ನು ಕಡೆಗಣಿಸಲಾಗಿದೆ ಎನ್ನಲು ಧೈರ್ಯ ಬೇಕು, ಆದರೆ ಅವನ ಮಾತಿನಲ್ಲಿ ಹುರುಳಿದೆ. ಎರಡು ಜನಪ್ರಿಯ ಹಾಡುಗಳ ನೆರಳಿನಲ್ಲಿ 'ಸ್ಟ್ರೈಟ್ ಟು ಹೆಲ್' ಮರೆಯಾಯಿತು. ಅದರಲ್ಲಿ ಟಾಪರ್ ಹೆಡನ್‌ನ ಡ್ರಮ್ ರಾಕ್‌ನ ಹೊಡೆತ ಬಿಟ್ಟು ಬ್ರೆಜಿಲ್‌ನ ಬೊಸ್ಸಾ ನೋವಾದ ನಡೆ ಹಿಡಿಯುತ್ತದೆ. ಮುಚ್ಚಿದ ಉಕ್ಕಿನ ಕಾರ್ಖಾನೆ, ಭಾಷೆ ಬಾರದ ವಲಸಿಗ, ಅಮೆರಿಕದ ಸೈನಿಕರು ವಿಯೆಟ್ನಾಮಿನಲ್ಲಿ ಬಿಟ್ಟುಹೋದ ಮಕ್ಕಳು, ಎಲ್ಲರೂ ಆ ಹಾಡಿನಲ್ಲಿದ್ದಾರೆ. ಅದೇ ಹಾಡಿನ ತುಣುಕನ್ನು ಎಂ.ಐ.ಎ. ಎಂಬ ಗಾಯಕಿ 2007ರಲ್ಲಿ 'ಪೇಪರ್ ಪ್ಲೇನ್ಸ್'ಗೆ ಬಳಸಿಕೊಂಡಳು. ಮರುವರ್ಷ ಮುಂಬಯಿಯ ಕೊಳೆಗೇರಿ ಹುಡುಗನ ಕಥೆ ಹೇಳುವ 'ಸ್ಲಮ್‌ಡಾಗ್ ಮಿಲಿಯನೇರ್' ಚಿತ್ರದಲ್ಲಿ ಅದು ಕೇಳಿಸಿತು. ಹೆಸರೇ ಗೊತ್ತಿಲ್ಲದೆ ಈ ನಗರ ಆ ರಾಗವನ್ನು ಕೇಳಿದೆ. ಧಾರಾವಿಗೆ ಅಂಟಿಕೊಂಡಿರುವ ಮಾಟುಂಗಾದಲ್ಲಿ ಕೂತು ವಾದಿಸಿದವರಲ್ಲಿ ಒಬ್ಬರಿಗೂ ಇದು ನೆನಪಾಗದಿದ್ದರೆ, ಆ ಮಾತನ್ನು ನೀವಾದರೂ ತನ್ನಿ.

ತಂಡದ ಎರಡನೆಯ ಆಲ್ಬಮ್, 1978ರದ್ದು, ಅದರ ಬಗ್ಗೆ ನೀವು ಬರೆದದ್ದು ಸಾಕು, ಇನ್ನೂ ಕಡಿಮೆ ಮಾಡಬಹುದು.

ಲೇಖನದ ಜೀವ ಇರುವುದು ಮೂರನೆಯ ಗೆಳೆಯನಲ್ಲಿ. ಅವನು 1985ರ ಕೊನೆಯ ಆಲ್ಬಮ್ 'ಕಟ್ ದ ಕ್ರ್ಯಾಪ್' ಪರ ನಿಲ್ಲುತ್ತಾನೆ, ಉಳಿದವರು ನಗುತ್ತಾರೆ, ಅವನು ಕಾಫಿ ಮುಗಿಸದೆ ಎದ್ದು ಹೋಗುತ್ತಾನೆ. ನೀವು ತಕ್ಷಣ ಮತ ಎಣಿಕೆಗೆ ಮರಳುತ್ತೀರಿ! ಆ ಹೊತ್ತಿಗೆ ಹೆಡನ್‌ನನ್ನೂ ಜೋನ್ಸ್‌ನನ್ನೂ ತಂಡದಿಂದ ಹೊರಹಾಕಲಾಗಿತ್ತು, ಡ್ರಮ್ ಜಾಗಕ್ಕೆ ಯಂತ್ರ ಬಂದಿತ್ತು. 2013ರಲ್ಲಿ ತಂಡದ ಆಲ್ಬಮ್‌ಗಳನ್ನೆಲ್ಲ ಸೇರಿಸಿ ಹೊರತಂದ ಪೆಟ್ಟಿಗೆಯಲ್ಲೂ ಅದಕ್ಕೆ ಜಾಗ ಸಿಗಲಿಲ್ಲ. ನಿಜವಾಗಿ ಯಾರಿಗೂ ಬೇಡವಾದದ್ದು ಅದೊಂದೇ. ಆದರೂ ಅದರಲ್ಲಿ 'ದಿಸ್ ಈಸ್ ಇಂಗ್ಲೆಂಡ್' ಇದೆ. ಬ್ರಿಟನ್ನಿನಲ್ಲಿ ವರ್ಷವಿಡೀ ನಡೆದ ಗಣಿ ಕಾರ್ಮಿಕರ ಮುಷ್ಕರ ಸೋತು ಮುಗಿದ ವರ್ಷವೇ ಬಂದ, ಕೆಲಸ ಕಳೆದುಕೊಂಡ ದೇಶದ ಹಾಡು.

ಈ ಗೆಳೆಯನ ತಂದೆ ಮುಂಬಯಿಯ ಲಾಲ್‌ಬಾಗಿನ ಬಟ್ಟೆ ಗಿರಣಿಯಲ್ಲಿ ದುಡಿದವರು, ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು ಎಂದು ನೀವೇ ಮೊದಲ ಪುಟದಲ್ಲಿ ಬರೆದಿದ್ದೀರಿ, ಮತ್ತೆ ಆ ಮಾತು ಎತ್ತಲೇ ಇಲ್ಲ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಶುರುವಾದ ಗಿರಣಿ ಮುಷ್ಕರದ ನಂತರ ಆ ಮನೆಯಲ್ಲಿ ಏನಾಯಿತು? ಅವನು ಆ ಹಾಡನ್ನು ಕೇಳುವುದಕ್ಕೂ ಅದಕ್ಕೂ ಸಂಬಂಧವಿರಬಹುದು, ಇಲ್ಲದೆಯೂ ಇರಬಹುದು. ಊಹಿಸಿ ಬರೆಯಬೇಡಿ. ಅವನನ್ನು ಕಂಡು, ಹಾಡನ್ನು ಜೊತೆಯಲ್ಲಿ ಕೂತು ಕೇಳಿ, ಏಕೆ ಎದ್ದು ಹೋದೆ ಎಂದು ಕೇಳಿ. ಅವನು ಒಪ್ಪಿದರೆ ಮಾತ್ರ ಬರೆಯಿರಿ.

ದೀಪಾವಳಿ ವಿಶೇಷಾಂಕದಲ್ಲಿ ನಾಲ್ಕು ಪುಟ ತೆಗೆದಿಟ್ಟಿದ್ದೇನೆ. ಗಣೇಶ ಚೌತಿಯೊಳಗೆ ಹೊಸ ಪ್ರತಿ ನನ್ನ ಕೈಸೇರಲಿ.

ಸಂಪಾದಕ