ಎಂಸಿಬಿ ಇದೆ, ಪಿವಿಸಿ ತಾನಾಗೇ ಆರುತ್ತೆ ಅಂತಾರೆ, ಮತ್ತೆ ಮನೆ ವೈರಿಂಗ್‌ಗೆ ಬೆಂಕಿ ಹೇಗೆ ಹತ್ತುತ್ತೆ?

ಎಂಸಿಬಿ ಅಂದ್ರೆ ಕರೆಂಟ್ ಮಿತಿ ಮೀರಿದ್ರೆ ತಾನಾಗೇ ಬಿದ್ದು ಲೈನ್ ಕಟ್ ಮಾಡೋ ಸ್ವಿಚ್, ಪಿವಿಸಿ ಅಂದ್ರೆ ವೈರ್ ಮೇಲಿರೋ ಪ್ಲಾಸ್ಟಿಕ್. ನೀವು ಕೇಳಿರೋ ಎರಡೂ ಮಾತು ನಿಜಾನೇ, ಆದ್ರೂ ಬೆಂಕಿ ಹತ್ತುತ್ತೆ. ನಾನು ವೈರಿಂಗ್ ಕೆಲಸಾನೇ ಮಾಡೋನು, ಸುಟ್ಟ ಬೋರ್ಡ್ ಬಿಚ್ಚಿದಾಗ ಹೆಚ್ಚಾಗಿ ಕಾಣೋದು ಗೋಡೆ ಒಳಗೆ ವೈರ್ ಉದ್ದಕ್ಕೂ ಸುಟ್ಟಿರೋದಲ್ಲ, ಜಾಯಿಂಟ್ ಹತ್ರ ಸುಟ್ಟಿರೋದು.

ಮೊದಲು ಪಿವಿಸಿ ವಿಷಯ. ಬರೀ ಪಿವಿಸಿಲಿ ತೂಕದ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್ ಇರುತ್ತೆ, ಅದಕ್ಕೇ ಉರಿ ತೆಗೆದ್ರೆ ಆರಿಹೋಗುತ್ತೆ. ಆದ್ರೆ ವೈರ್ ಬಗ್ಗಬೇಕಲ್ಲ, ಅದಕ್ಕೆ ಎಣ್ಣೆ ಥರದ ಪ್ಲಾಸ್ಟಿಸೈಸರ್ ಬೆರೆಸ್ತಾರೆ, ಅದು ಉರಿಯುತ್ತೆ. ಅದೂ ಅಲ್ದೆ ಇಲ್ಲಿ ಶಾಖ ಕೊಡ್ತಿರೋದೇ ಕರೆಂಟು, ಸ್ವಿಚ್ ಆಫ್ ಮಾಡೋವರೆಗೂ ಅದು ಹೋಗಲ್ಲ.

ಈಗ ಜಾಯಿಂಟ್. ಸಾಕೆಟ್ ಹಿಂದೆ ಸ್ಕ್ರೂ ಸ್ವಲ್ಪ ಲೂಸ್ ಆಗಿದೆ, ಅಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್ (ಕರೆಂಟ್ ಹರಿಯೋಕೆ ಅಡ್ಡಿ) ಬಂದಿದೆ ಅಂತಿಟ್ಕೊಳ್ಳಿ. ಗೀಸರ್ 10 ಆಂಪ್ಸ್ ಎಳೀತು ಅಂದ್ರೆ ಆ ಒಂದು ಸ್ಕ್ರೂ ಹತ್ರಾನೇ 50 ವ್ಯಾಟ್ ಶಾಖ, ಸೀಸ ಕರಗಿಸೋ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟ್ ಇರುತ್ತೆ, ಅಂಥಾ ಎರಡು ಬೋರ್ಡ್ ಒಳಗೆ ಇಟ್ಟು ಮುಚ್ಚಿದ ಹಾಗೆ. ಗೀಸರ್‌ಗೆ ಬರೀ 5 ವೋಲ್ಟ್ ಕಮ್ಮಿ ಬರುತ್ತೆ, ನಿಮಗೆ ಗೊತ್ತೇ ಆಗಲ್ಲ. ಬಿಸಿಗೆ ತಾಮ್ರ ಕಪ್ಪಾಗುತ್ತೆ, ಕಪ್ಪಾದ್ರೆ ರೆಸಿಸ್ಟೆನ್ಸ್ ಇನ್ನೂ ಜಾಸ್ತಿ, ಆಮೇಲೆ ಇನ್ನೂ ಬಿಸಿ, ಹೀಗೇ ಏರ್ತಾ ಹೋಗುತ್ತೆ. ಸಾಮಾನ್ಯ ಪಿವಿಸಿ ಇನ್ಸುಲೇಷನ್ 70 ಡಿಗ್ರಿಗೆ ಅಂತ ಮಾಡಿರೋದು. ಅದರ ಮೇಲೆ ದಿನಾ ಕಾದ್ರೆ ಗಟ್ಟಿಯಾಗಿ, ಕಂದು ಬಣ್ಣಕ್ಕೆ ತಿರುಗಿ, ಉಗುರಲ್ಲಿ ಒತ್ತಿದ್ರೆ ಪುಡಿ ಪುಡಿಯಾಗಿ ಉದುರುತ್ತೆ. ಕೊನೆಗೆ ಕರಕಲಾದ್ರೆ ಆ ಕರಕಲಲ್ಲೇ ಕರೆಂಟ್ ಹರಿಯೋಕೆ ಶುರು, ಕಿಡಿ ಬರುತ್ತೆ, ಪಕ್ಕದಲ್ಲಿ ಮರದ ಪ್ಯಾನೆಲ್ಲೋ ಕರ್ಟನ್ನೋ ಧೂಳೋ ಇದ್ರೆ ಅದು ಹತ್ಕೊಳ್ಳುತ್ತೆ.

ಎಂಸಿಬಿ ಯಾಕೆ ಬೀಳಲ್ಲ? ಯಾಕಂದ್ರೆ ಅದು ನೋಡೋದು ಕರೆಂಟ್ ಎಷ್ಟು ಅಂತ, ಇಲ್ಲಿ ಬರೀ 10 ಆಂಪ್ಸ್ ಹರೀತಿದೆ. ಕರೆಂಟ್ ಬೇರೆ ಕಡೆ ಸೋರಿದ್ರೆ ಬೀಳೋ ಸ್ವಿಚ್ ಆರ್‌ಸಿಸಿಬಿನೂ ಬೀಳಲ್ಲ, ಹೋದ ಕರೆಂಟೆಲ್ಲಾ ನ್ಯೂಟ್ರಲ್‌ನಲ್ಲಿ ವಾಪಸ್ ಬರ್ತಿದೆ, ಲೀಕೇಜ್ ಇಲ್ಲ.

ಓವರ್‌ಲೋಡ್ ಆದ್ರೂ ತಕ್ಷಣ ಬೀಳುತ್ತೆ ಅನ್ಕೋಬೇಡಿ. 16 ಆಂಪ್ಸ್ ಎಂಸಿಬಿ 23 ಆಂಪ್ಸ್‌ಗೆ ಬೀಳೋಕೆ ಹತ್ತಿರ ಹತ್ತಿರ ಒಂದು ಗಂಟೆ ತಗೊಂಡ್ರೂ ಅದು ಸರಿಯಾಗೇ ಇದೆ ಅಂತ ಲೆಕ್ಕ. ಕರೆಂಟ್ ಎರಡರಷ್ಟಾದ್ರೆ ವೈರ್ ಶಾಖ ನಾಲ್ಕರಷ್ಟು, ಅದಕ್ಕೇ ಪದೇ ಪದೇ ಬೀಳುತ್ತೆ ಅಂತ ಅದೇ ಸಣ್ಣ ವೈರ್‌ಗೆ 32ರ ಎಂಸಿಬಿ ಹಾಕ್ಸೋರನ್ನ ನೋಡಿದ್ರೆ ನನಗೆ ನಿಜವಾಗ್ಲೂ ಭಯ ಆಗುತ್ತೆ, ಅಲ್ಲಿ ಫ್ಯೂಸ್ ಕೆಲಸ ವೈರೇ ಮಾಡ್ಬೇಕಾಗುತ್ತೆ.

ಸ್ವಿಚ್ ಪ್ಲೇಟ್ ಬಿಸಿ ಅನ್ಸಿದ್ರೆ, ಹಳದಿ ಆಗಿದ್ರೆ, ಲೋಡ್ ಹಾಕಿದಾಗ ಚಿಟಿಚಿಟಿ ಸದ್ದು ಅಥವಾ ಸುಟ್ಟ ವಾಸನೆ ಬಂದ್ರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೀರಿ. ಸುಟ್ಟ ತುದಿಗೆ ಟೇಪ್ ಸುತ್ತೋಕೆ ಬಿಡಬೇಡಿ, ಹೊಳೆಯೋ ತಾಮ್ರ ಸಿಗೋವರೆಗೂ ಕತ್ತರಿಸಿ ಹೊಸ ಸಾಕೆಟ್‌ಗೆ ಬಿಗಿಯಾಗಿ ಹಾಕ್ಸಿ. ಬೆಂಕಿ ಹತ್ತೇಬಿಟ್ಟಿದ್ರೆ ನೀರು ಹಾಕೋಕೆ ಹೋಗ್ಬೇಡಿ, ಹೊಗೇಲೂ ನಿಲ್ಲಬೇಡಿ, ಪಿವಿಸಿ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತೆ, ಎಲ್ಲರನ್ನೂ ಕರ್ಕೊಂಡು ಹೊರಗೆ ಬನ್ನಿ.