ಮರಳಿ ಬಂದ ಪಿ30: ನೆರಳೇಕೆ ಮಸಿಯಾಗುತ್ತದೆ?

ಪ್ರಶ್ನೆ: ಇಟಲಿಯ ಫೆರಾನಿಯಾ ಪಿ30 ಕಪ್ಪು-ಬಿಳುಪು ಫಿಲಂ ತರಿಸಿ, ಅದರ ಮೇಲಿರುವ 80 ಐಎಸ್‌ಒದಲ್ಲೇ (ಬೆಳಕಿಗೆ ಫಿಲಂ ಸ್ಪಂದಿಸುವ ವೇಗದ ಅಳತೆ) ತೆಗೆದೆ. ನೆರಳೆಲ್ಲ ಮಸಿ, ಬಿಳಿ ಅಂಗಿಯಲ್ಲಿ ಮಡಿಕೆಯೇ ಕಾಣದು. ಫಿಲಂ ಕೆಟ್ಟಿದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಕೆಟ್ಟಿಲ್ಲ, ಅದರ ಗುಣವೇ ಹಾಗೆ. 1960ರ ದಶಕದ ಇಟಲಿಯ ಸಿನಿಮಾ ಫಿಲಂನ ಸೂತ್ರವನ್ನು 2017ರಲ್ಲಿ ಮತ್ತೆ ತಂದದ್ದು ಇದು. ಬೆಳ್ಳಿಯ ಅಂಶ ಹೆಚ್ಚು, ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ) ಕಡು. ಮಟಮಟ ಮಧ್ಯಾಹ್ನದ ನಮ್ಮ ಬಿಸಿಲು ಅದನ್ನು ಇನ್ನಷ್ಟು ಕಡುವಾಗಿಸುತ್ತದೆ. ಬೆಳಕು ಅಳೆಯುವ ಮೀಟರನ್ನು 50 ಐಎಸ್‌ಒಗೆ ಇಟ್ಟು, ನೆರಳನ್ನು ಅಳೆದು ತೆಗೆಯಿರಿ. ಡೆವಲಪ್ ಸಮಯವನ್ನು (ರಾಸಾಯನಿಕ ದ್ರಾವಣದಲ್ಲಿ ಚಿತ್ರ ಮೂಡಿಸುವ ಹೊತ್ತು) ಸುಮಾರು ಶೇ. 15ರಷ್ಟು ಇಳಿಸಿ.

ಆ ದ್ರಾವಣದ, ಅಂದರೆ ಡೆವಲಪರಿನ, ಆಯ್ಕೆಯೂ ಮುಖ್ಯ. ಸಿನಿಮಾ ನೆಗೆಟಿವ್‌ಗೆಂದೇ ಇರುವ ಡಿ-96 ಮೃದು. ಸಾಮಾನ್ಯ ಡೆವಲಪರ್ ಡಿ-76ರಲ್ಲಿ ಕಾಂಟ್ರಾಸ್ಟ್ ಏರಿಸುವ ಹೈಡ್ರೋಕ್ವಿನೋನ್ ಲೀಟರಿಗೆ 5 ಗ್ರಾಂ ಇದ್ದರೆ ಇದರಲ್ಲಿ 1.5 ಗ್ರಾಂ ಮಾತ್ರ. ಮನೆಯಲ್ಲೇ ಬೆರೆಸಬಹುದು. 50 ಡಿಗ್ರಿಯ 750 ಮಿ.ಲೀ. ನೀರಿಗೆ ಮೊದಲು ಚಿಟಿಕೆ ಸೋಡಿಯಂ ಸಲ್ಫೈಟ್, ಆಮೇಲೆ ಚಿತ್ರ ಮೂಡಿಸುವ ಇನ್ನೊಂದು ರಾಸಾಯನಿಕ ಮೆಟಾಲ್ 1.5 ಗ್ರಾಂ. ಅದು ಕರಗಿದ ಮೇಲೆ ಉಳಿದ ಸಲ್ಫೈಟ್ (ಒಟ್ಟು 75 ಗ್ರಾಂ), ಹೈಡ್ರೋಕ್ವಿನೋನ್ 1.5, ಬೋರಾಕ್ಸ್ 4.5, ಪೊಟ್ಯಾಸಿಯಂ ಬ್ರೋಮೈಡ್ 0.4 ಗ್ರಾಂ, ಕೊನೆಗೆ ಒಂದು ಲೀಟರಿಗೆ ತುಂಬಿಸಿ. ಸಲ್ಫೈಟ್ ಪೂರ್ತಿ ಮೊದಲೇ ಸುರಿದರೆ ಮೆಟಾಲ್ ಕರಗುವುದಿಲ್ಲ. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರದು, ಕೈಗವಸು ಬೇಕೇ ಬೇಕು.

21 ಡಿಗ್ರಿಯಲ್ಲಿ 8 ನಿಮಿಷದಿಂದ ಶುರುಮಾಡಿ, ಬಿಳಿಭಾಗ ಇನ್ನೂ ಕಟ್ಟಿಕೊಂಡರೆ (ವಿವರ ಕಾಣದಂತಾದರೆ) 7ಕ್ಕೆ ಇಳಿಸಿ. ಬೇಸಿಗೆಯಲ್ಲಿ ನಲ್ಲಿ ನೀರು 28 ಡಿಗ್ರಿ ದಾಟುತ್ತದೆ. ಬಾಟಲಿಯನ್ನು ಐಸ್ ನೀರಿನ ಬಕೆಟ್ಟಿನಲ್ಲಿಡಿ, ಡೆವಲಪರಿಗೇ ಐಸ್ ಹಾಕಬೇಡಿ, ತೆಳುವಾಗುತ್ತದೆ. ಫಿಲಂ ಇರುವ ಟ್ಯಾಂಕನ್ನು ನಿಮಿಷಕ್ಕೊಮ್ಮೆ ಮೆಲ್ಲಗೆ ಎರಡು ಸಲ ಮಗುಚಿದರೆ ಸಾಕು. ಜೋರಾಗಿ ಕುಲುಕಿದಷ್ಟೂ ಬಿಳಿಭಾಗ ಕಟ್ಟಿಕೊಳ್ಳುತ್ತದೆ.